ಹಿಮವಿಲ್ಲದ ಎತ್ತರ: ಪೆನುಕೊಂಡ ಸೀಮೆಯ ಹವಾಗುಣ

ಎತ್ತರದ ನೆಲದ ಹವಾಗುಣವನ್ನು ಕುರಿತು ಭೂಗೋಳದ ಪಠ್ಯಗಳು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೇಳುತ್ತವೆ. ಎತ್ತರ ಹೆಚ್ಚಿದಂತೆ ತಂಪು ಹೆಚ್ಚುತ್ತದೆ ಎಂಬುದು ಮೊದಲನೆಯದು. ಎತ್ತರದ ನೆಲ ಮೋಡಗಳನ್ನು ತಡೆದು ಮಳೆಯನ್ನೋ ಹಿಮವನ್ನೋ ಪಡೆಯುತ್ತದೆ ಎಂಬುದು ಎರಡನೆಯದು. ಆಂಧ್ರಪ್ರದೇಶದ ನೈರುತ್ಯ ಮೂಲೆಯಲ್ಲಿರುವ ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಸೀಮೆ ಮೊದಲ ಸಂಗತಿಗೆ ಸಾಕ್ಷಿಯಾಗಿದೆ, ಎರಡನೆಯದಕ್ಕೆ ಅಪವಾದವಾಗಿದೆ. ಇಲ್ಲಿ ಎತ್ತರವಿದೆ, ಅದಕ್ಕೆ ತಕ್ಕ ತಂಪೂ ಇದೆ, ಆದರೆ ನೀರಿಲ್ಲ. ಈ ವೈಪರೀತ್ಯದ ಕಾರಣಗಳನ್ನು ವಿವರಿಸುವುದು, ಅದನ್ನು ಈ ಸೀಮೆಯ ಜನರು ಕನ್ನಡದಲ್ಲಿ ಹೇಗೆ ಅರಿತು ಹೆಸರಿಟ್ಟಿದ್ದಾರೆಂಬುದನ್ನು ಗಮನಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ಏರಿಳಿತ

ಹಳೆಯ ಅನಂತಪುರ ಜಿಲ್ಲೆಯ ನೆಲ ದಕ್ಷಿಣದಿಂದ ಉತ್ತರಕ್ಕೆ ಇಳಿಯುತ್ತ ಹೋಗುತ್ತದೆ. ದಕ್ಷಿಣದಲ್ಲಿ ಹಿಂದೂಪುರ, ಪರಿಗಿ, ಲೇಪಾಕ್ಷಿ, ಚಿಲಮತ್ತೂರು, ಅಗಳಿ, ರೊಳ್ಳ, ಮಡಕಶಿರಾ ಮಂಡಲಗಳು ಮೈಸೂರು ಪ್ರಸ್ಥಭೂಮಿಗೆ ಸೇರಿಕೊಳ್ಳುವ ಕಡೆ ಸರಾಸರಿ ಎತ್ತರ ಸಮುದ್ರಮಟ್ಟದಿಂದ ಸುಮಾರು 2000 ಅಡಿ. ಅನಂತಪುರ ಪಟ್ಟಣದಲ್ಲಿ ಅದು ಸುಮಾರು 1100 ಅಡಿ. ಪೆನ್ನಾ ನದಿ ಜಿಲ್ಲೆಯನ್ನು ಬಿಟ್ಟುಹೋಗುವ ತಾಡಪತ್ರಿಯ ಬಳಿ 900 ಅಡಿ ಮಾತ್ರ. 2022ರ ಏಪ್ರಿಲ್ 4ರಂದು ಜಿಲ್ಲೆ ಇಬ್ಭಾಗವಾದಾಗ ಪೆನುಕೊಂಡ, ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಆಡಳಿತದ ಗೆರೆ ಹೊಸದು. ನೆಲದ ಇಳಿಜಾರು ಮಾತ್ರ ಹಿಂದಿನಂತೆಯೇ ಇದೆ.

ಗಾಳಿ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಪ್ರತಿ 1000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ತಗ್ಗುತ್ತದೆಂಬುದು ಸ್ಥೂಲವಾದ ಲೆಕ್ಕ. ತಾಡಪತ್ರಿಗೂ ಹಿಂದೂಪುರದ ಸುತ್ತಿನ ನೆಲಕ್ಕೂ ಇರುವ 1100 ಅಡಿ ಅಂತರ, ಅಂದರೆ ಸುಮಾರು 335 ಮೀಟರ್, ಎರಡು ಡಿಗ್ರಿಗೂ ಸ್ವಲ್ಪ ಹೆಚ್ಚಿನ ವ್ಯತ್ಯಾಸವನ್ನು ಉಂಟುಮಾಡಬೇಕು. ಅನುಭವವೂ ಇದನ್ನೇ ಹೇಳುತ್ತದೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಹಳೆಯ ಜಿಲ್ಲೆಯ ದಿನದ ಗರಿಷ್ಠ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದುಂಟು. ನವೆಂಬರಿನಿಂದ ಜನವರಿಯವರೆಗೆ ಕನಿಷ್ಠ ಉಷ್ಣತೆ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಎರಡೂ ಕಾಲಗಳಲ್ಲಿ ಮೇಲೆ ಹೆಸರಿಸಿದ ದಕ್ಷಿಣದ ಮಂಡಲಗಳು ಉಳಿದವುಗಳಿಗಿಂತ ತಂಪಾಗಿರುತ್ತವೆಂದು ಜಿಲ್ಲೆಯ ಅಧಿಕೃತ ಕೈಪಿಡಿಗಳೂ ಗುರುತಿಸುತ್ತ ಬಂದಿವೆ. ಈ ತಂಪಿನ ಮಂಡಲಗಳ ಪಟ್ಟಿಯಲ್ಲಿ ಕನ್ನಡ ಮಾತಾಡುವ ಅಗಳಿ, ರೊಳ್ಳ, ಮಡಕಶಿರಾಗಳೂ ಇರುವುದು ಗಮನಾರ್ಹ. ಭಾಷೆಯ ಗಡಿ ಇಲ್ಲಿ ಕೆಲಮಟ್ಟಿಗೆ ಪ್ರಸ್ಥಭೂಮಿಯ ಅಂಚನ್ನೇ ಅನುಸರಿಸಿದೆ.

ಪೆನುಕೊಂಡದ ಬೆಟ್ಟ ಈ ನೆಲದಿಂದಲೂ ನೂರಾರು ಅಡಿ ಮೇಲೆದ್ದು ನಿಂತಿದೆ. ‘ಪೆನು’ ಎಂದರೆ ದೊಡ್ಡದು. ಸಂಸ್ಕೃತದಲ್ಲಿ ಇದೇ ಊರು ಘನಗಿರಿ. 1565ರ ರಕ್ಕಸತಂಗಡಿ ಯುದ್ಧದ ತರುವಾಯ ವಿಜಯನಗರದ ಅರಸರು ರಾಜಧಾನಿಯನ್ನು ಇಲ್ಲಿಗೆ ಸಾಗಿಸಿದ್ದು ಮುಖ್ಯವಾಗಿ ಕೋಟೆಯ ಭದ್ರತೆಗಾಗಿ. ಆದರೂ ಇಲ್ಲಿನ ಗಗನಮಹಲು ಬೇಸಿಗೆಯ ಅರಮನೆಯೆಂದೇ ಜನಪ್ರಸಿದ್ಧವಾಗಿರುವುದು ಈ ಸೀಮೆಯ ತಂಪಿನ ಬಗ್ಗೆ ಜನರಿಗಿದ್ದ ತಿಳಿವಳಿಕೆಯನ್ನು ಸೂಚಿಸುತ್ತದೆ.

ಎರಡು ಕಡಲುಗಳ ನಡುವೆ

ಪೆನುಕೊಂಡದಿಂದ ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ. ಪೂರ್ವಕ್ಕೆ ಬಂಗಾಳ ಕೊಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಎರಡು ಕಡಲುಗಳಿಂದಲೂ ಮಳೆ ಬರಬೇಕಾದ ಈ ನೆಲಕ್ಕೆ ಎರಡರಿಂದಲೂ ಉಳಿದದ್ದು ಮಾತ್ರ ಬರುತ್ತದೆ.

ಜೂನ್ ತಿಂಗಳಲ್ಲಿ ನೈರುತ್ಯ ಮಾರುತ ತೇವವನ್ನು ಹೊತ್ತು ಬಂದು ಪಶ್ಚಿಮಘಟ್ಟಗಳನ್ನು ಏರುತ್ತದೆ. ಏರುವಾಗ ತಣಿದು ತೇವವನ್ನು ಅಲ್ಲಿಯೇ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರನ್ನು ಮೀರುತ್ತದೆ. ಘಟ್ಟ ದಾಟಿದ ಗಾಳಿ ಕೆಳಗಿಳಿಯುವಾಗ ಕುಗ್ಗಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಬಿಡುವುದಿಲ್ಲ. ಇದೇ ಮಳೆನೆರಳು. ಚಳ್ಳಕೆರೆ, ಪಾವಗಡ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳು ರಾಜ್ಯಗಳ ಗಡಿಯನ್ನು ಲೆಕ್ಕಿಸದ ಈ ಒಂದೇ ನೆರಳಿನಲ್ಲಿವೆ. ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಮೋಡವಿರುತ್ತದೆ, ಬಿರುಗಾಳಿಯಿರುತ್ತದೆ, ಮಳೆ ಮಾತ್ರ ವಿರಳ. ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಈ ಗಾಳಿಯಿಂದಲೇ. ಇದೇ ಗಾಳಿ ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ವೇದಾವತಿ ಅಥವಾ ಹಗರಿ ನದಿಯ ಒಣಗಿದ ಪಾತ್ರದಿಂದ ಮರಳನ್ನೆಬ್ಬಿಸಿ ಹೊಲಗಳ ಮೇಲೆ ದಿಬ್ಬಗಳಾಗಿ ಹರಡಿದೆ.

ಅಕ್ಟೋಬರಿನ ಬಳಿಕ ಗಾಳಿಯ ದಿಕ್ಕು ಬದಲಾಗಿ ಈಶಾನ್ಯದಿಂದ ಮಳೆ ಬರಬೇಕು. ಆದರೆ ಕರಾವಳಿಯಲ್ಲಿ ಬಹುಭಾಗ ಸುರಿದು, ವೆಲಿಕೊಂಡ, ಪಾಲಕೊಂಡ, ನಲ್ಲಮಲ ಮೊದಲಾದ ಪೂರ್ವಘಟ್ಟದ ಸಾಲುಗಳನ್ನು ದಾಟುವ ಹೊತ್ತಿಗೆ ಅದರ ಬಲವೂ ಕುಗ್ಗಿರುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿ ಒಳನಾಡಿನ ಕಡೆ ಸರಿದ ವರ್ಷ ಮಾತ್ರ ಹಿಂಗಾರು ಕೈಹಿಡಿಯುತ್ತದೆ.

ಒಟ್ಟು ಫಲವನ್ನು ಅಂಕಿಗಳಲ್ಲಿ ಕಾಣಬಹುದು. ಹಳೆಯ ಅನಂತಪುರ ಜಿಲ್ಲೆಯ ವಾಡಿಕೆಯ ವಾರ್ಷಿಕ ಮಳೆ 553 ಮಿ.ಮೀ. ಇದರಲ್ಲಿ ನೈರುತ್ಯ ಮಾರುತದ ಪಾಲು 338, ಈಶಾನ್ಯದ ಪಾಲು 156. ಉಳಿದ ಸ್ವಲ್ಪ ಬೇಸಿಗೆಯ ಗುಡುಗುಮಳೆ. ಆಕಾಶ ಕೊಡುವುದಕ್ಕಿಂತ ಬಿಸಿಲು ಮತ್ತು ಗಾಳಿ ಹೀರಿಕೊಳ್ಳಬಲ್ಲ ತೇವ ಸುಮಾರು ಮೂರು ಪಟ್ಟು ಹೆಚ್ಚು. ಹೀಗಾಗಿ ಈ ಸೀಮೆಯ ಬರಕ್ಕೆ ಕಡಿಮೆ ಮಳೆಯೊಂದೇ ಕಾರಣವಲ್ಲ. ಬಿದ್ದ ಮಳೆ ನಿಲ್ಲದಿರುವುದೂ ಅಷ್ಟೇ ದೊಡ್ಡ ಕಾರಣ. ಕಣಶಿಲೆಯ ಮೇಲೆ ತೆಳುವಾಗಿ ಹರಡಿರುವ ಕೆಂಪು ಮರಳುಮಣ್ಣು ನೀರನ್ನು ಬಹುಕಾಲ ಹಿಡಿದಿಡಲಾರದು.

ವರ್ಷದ ನಡೆ

ಸರಾಸರಿ ಎಂಬುದು ಹವಾಗುಣದ ಲೆಕ್ಕ. ರೈತನ ಬದುಕು ನಡೆಯುವುದು ದಿನಗಳ ಲೆಕ್ಕದಲ್ಲಿ. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನವೇ ‘ಮಳೆಯ ದಿನ’. ಅಂಥ ದಿನಗಳು ಇಲ್ಲಿ ವರ್ಷಕ್ಕೆ ಮೂವತ್ತು-ನಲವತ್ತು. ಇವು ಯಾವಾಗ ಬರುತ್ತವೆ, ಎರಡರ ನಡುವೆ ಎಷ್ಟು ಬಿಡುವು ಕೊಡುತ್ತವೆ ಎಂಬುದರ ಮೇಲೆ ಬೆಳೆ ನಿಂತಿದೆ.

ಏಪ್ರಿಲ್ ಕೊನೆ ಮತ್ತು ಮೇ ತಿಂಗಳಿನಲ್ಲಿ ಕಾದ ನೆಲದಿಂದ ಗಾಳಿ ಮೇಲೆದ್ದು ಸಂಜೆಯ ಗುಡುಗುಮಳೆಗಳಾಗುತ್ತವೆ. ನೆಲ ಉಳಲು ಈ ಮಳೆ ಬೇಕು. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಕಡಲೆಕಾಯಿ ಬಿತ್ತನೆಯ ಕಾಲ. ಆದರೆ ಮೇಲೆ ವಿವರಿಸಿದ ಒಣಗಾಳಿಯ ಕಾಲವೂ ಅದೇ. ಬಿತ್ತಿದ ಮೇಲೆ ವಾರಗಟ್ಟಲೆ ಮಳೆ ತಪ್ಪುವುದು ಇಲ್ಲಿ ವಿಶೇಷವಲ್ಲ. ಆಗಸ್ಟ್ ಕಳೆದು ಪಶ್ಚಿಮದ ಗಾಳಿಯ ವೇಗ ಕುಗ್ಗಿದಾಗ ತೇವ ನಿಂತು, ಮಧ್ಯಾಹ್ನದ ಕಾವಿಗೆ ಮೇಲೆದ್ದು, ರಾತ್ರಿಯ ಮಳೆಯಾಗುತ್ತದೆ. ಆದ್ದರಿಂದ ಘಟ್ಟದ ಕಡೆ ಜುಲೈ ಮಳೆಯ ಶಿಖರವಾದರೆ ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಶಿಖರ. ಕಡಲೆಕಾಯಿ ಕಿತ್ತು ಹೊಲದಲ್ಲಿ ಒಣಹಾಕುವ ಕಾಲದಲ್ಲಿಯೂ ಮಳೆ ಸುರಿಯಬಹುದೆಂಬುದು ಇದರ ಇನ್ನೊಂದು ಮುಖ. ಬೇಕಾದಾಗ ಬಾರದೆ ಬೇಡವಾದಾಗ ಬರುವುದನ್ನು ಜನರು ವಿಧಿಯೆಂದು ಹೇಳಿದರೂ ಅದಕ್ಕೆ ನಿಯತವಾದ ಕಾರಣವಿದೆ.

ಅತಿವೃಷ್ಟಿಯೂ ಇಲ್ಲದಿಲ್ಲ. 2021ರ ನವೆಂಬರಿನಲ್ಲಿ ಚಿತ್ರಾವತಿ ಉಕ್ಕಿ ಹರಿದು ನಡುನೀರಿನಲ್ಲಿ ಸಿಲುಕಿದವರನ್ನು ವಾಯುಪಡೆಯ ಹೆಲಿಕಾಪ್ಟರ್ ಪಾರುಮಾಡಬೇಕಾಯಿತು. 2022ರಲ್ಲಿ ಮೇಲಿನ ಕರ್ನಾಟಕದಲ್ಲಿ ವೇದಾವತಿಯ ವಾಣಿವಿಲಾಸ ಸಾಗರ 1933ರ ಬಳಿಕ ಮೊದಲ ಬಾರಿಗೆ ಕೋಡಿಹರಿಯಿತು. ಬರದ ಸೀಮೆಯಲ್ಲಿ ಪ್ರವಾಹವೆಂದರೆ ವಿರೋಧಾಭಾಸವಲ್ಲ. ಮಳೆಯ ದಿನಗಳು ಕಡಿಮೆಯಿರುವಲ್ಲಿ ಒಂದೆರಡು ದಿನಗಳ ಮಳೆಯೇ ವರ್ಷದ ಹಣೆಬರಹವನ್ನು ಬದಲಿಸಬಲ್ಲದು.

ಒಂದೇ ನಕ್ಷತ್ರ, ಎರಡು ಗಾದೆ

ಮಳೆಯನ್ನು ನಕ್ಷತ್ರಗಳ ಲೆಕ್ಕದಲ್ಲಿ ಹೇಳುವ ರೂಢಿ ಕನ್ನಡ, ತೆಲುಗು ಎರಡರಲ್ಲಿಯೂ ಇದೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಗಳು ಒಂದು ಅವಧಿ. ಭರಣಿ ಏಪ್ರಿಲ್ 27ರ ಸುಮಾರಿಗೆ, ರೋಹಿಣಿ ಮೇ 25ಕ್ಕೆ, ಆರಿದ್ರ ಜೂನ್ 22ಕ್ಕೆ, ಮಘೆ ಆಗಸ್ಟ್ 17ಕ್ಕೆ, ಸ್ವಾತಿ ಅಕ್ಟೋಬರ್ 24ಕ್ಕೆ ತೊಡಗುತ್ತವೆ. ಈ ಅವಧಿಯನ್ನು ತೆಲುಗು ‘ಕಾರ್ತೆ’ ಎನ್ನುತ್ತದೆ; ಕನ್ನಡ ನೇರವಾಗಿ ‘ಮಳೆ’ ಎನ್ನುತ್ತದೆ. ಮಳೆ ಬಾರದಿದ್ದರೂ ಕನ್ನಡದಲ್ಲಿ ಅದು ರೋಹಿಣಿ ಮಳೆಯೇ. ‘ರೋಹಿಣಿ ಮಳೆ ಆಗಲಿಲ್ಲ’ ಎಂದು ಹೇಳುತ್ತೇವೆ.

ಈ ವ್ಯತ್ಯಾಸ ಪದಕ್ಕಷ್ಟೇ ಸೀಮಿತವಲ್ಲ. ರೋಹಿಣಿ ಕಾರ್ತೆಯಲ್ಲಿ ರೋಳುಗಳು, ಅಂದರೆ ಒರಳುಕಲ್ಲುಗಳು, ಬಿರಿಯುತ್ತವೆಂಬುದು ತೆಲುಗಿನ ಪ್ರಸಿದ್ಧ ಗಾದೆಯ ತಾತ್ಪರ್ಯ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬುದು ಕನ್ನಡದ ಗಾದೆ. ಒಂದೇ ಹದಿನಾಲ್ಕು ದಿನಗಳನ್ನು ಒಂದು ಭಾಷೆ ಸುಡುಬಿಸಿಲಿನಿಂದಲೂ ಇನ್ನೊಂದು ಬಿತ್ತನೆಯ ಮಳೆಯಿಂದಲೂ ನೆನೆಯುತ್ತದೆ. ಎರಡೂ ನಿಜವೇ. ಆಂಧ್ರದ ಬಯಲುನಾಡು ಮತ್ತು ಕರಾವಳಿಯಲ್ಲಿ ಮೇ ಕೊನೆ ಕಡುಬೇಸಿಗೆಯ ಕಾಲ. ಮೈಸೂರು ಪ್ರಸ್ಥಭೂಮಿಯಲ್ಲಿ ಅದೇ ಹೊತ್ತಿಗೆ ಗುಡುಗುಮಳೆಗಳು ನೆಲವನ್ನು ತಣಿಸಿರುತ್ತವೆ. ಎರಡು ಹವಾಗುಣಗಳು ಸಂಧಿಸುವ ಪೆನುಕೊಂಡ ಸೀಮೆಯಲ್ಲಿ ಎರಡು ಗಾದೆಗಳೂ ಅರ್ಥಪೂರ್ಣ. ಮಳೆ ಬಿದ್ದ ವರ್ಷ ಇದು ಕನ್ನಡದ ರೋಹಿಣಿ. ಬೀಳದ ವರ್ಷ ತೆಲುಗಿನದು.

‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ಮಾತು ಬಿತ್ತನೆಯ ತಿರುವನ್ನು ಗುರುತಿಸುತ್ತದೆ. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬುದು ಜುಲೈನ ಒಣಕಾಲವನ್ನು ತಾಳಿಕೊಂಡ ಪೈರಿಗೆ ಆಗಸ್ಟಿನ ಮಳೆ ಎಷ್ಟು ಅಗತ್ಯವೆಂಬುದನ್ನು ಹೇಳುತ್ತದೆ. ಗಾದೆಗಳನ್ನು ಹವಾಮಾನದ ಮುನ್ಸೂಚನೆಯೆಂದು ಭಾವಿಸುವುದು ಸರಿಯಲ್ಲ. ಅವು ಯಾವ ಹೊತ್ತಿನ ಮಳೆಗೆ ಎಷ್ಟು ಬೆಲೆ ಎಂಬುದರ ದಾಖಲೆಗಳು.

ಇನ್ನೊಂದು ಪದವನ್ನೂ ಇಲ್ಲಿ ಗಮನಿಸಬೇಕು. ಬಿತ್ತನೆಗೆ ತಕ್ಕಷ್ಟು ನೆಲ ನೆನೆದ ಸ್ಥಿತಿಗೆ ಕನ್ನಡ ‘ಹದ’ ಎನ್ನುತ್ತದೆ, ತೆಲುಗು ‘ಪದುನು’ ಎನ್ನುತ್ತದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದ ನಿಯಮ ಇಲ್ಲಿಯೂ ಕಾಣುತ್ತದೆ. ಪೆನ್ನೆ ನದಿ ಕನ್ನಡದಲ್ಲಿ ಹೆನ್ನೆಯಾದದ್ದೂ ಹೀಗೆಯೇ. ಮಳೆಮಾಪಕ ಮಳೆಯನ್ನು ಅಳೆಯುತ್ತದೆ. ‘ಹದ’ ಎಂಬುದು ಮಳೆ, ಮಣ್ಣು, ಬಿಸಿಲು ಮೂರರ ಸಂಬಂಧವನ್ನು ಅಳೆಯುತ್ತದೆ. ಒಂದೇ 20 ಮಿ.ಮೀ. ಮಳೆ ಕೆಂಪುಮಣ್ಣಿಗೆ ಹದವಾದೀತು, ಕಪ್ಪುಮಣ್ಣಿಗೆ ಸಾಲದೇಹೋದೀತು.

ಹಿಮದ ಕೆಲಸ ಮಾಡಿದ ಕೆರೆ

ಹಿಮ ಬೀಳುವ ಪರ್ವತಸೀಮೆಗಳಿಗೂ ಈ ಸೀಮೆಗೂ ಒಂದು ಹೋಲಿಕೆ ಇಲ್ಲಿ ಉಪಯುಕ್ತವಾದೀತು. ಲಡಾಖಿನ ಲೇಹ್ ಪಟ್ಟಣ ಸುಮಾರು 3500 ಮೀಟರ್ ಎತ್ತರದಲ್ಲಿದೆ. ಅದೂ ಮಳೆನೆರಳಿನ ನಾಡೇ. ಹಿಮಾಲಯ ಅದಕ್ಕೆ ಅಡ್ಡವಾಗಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮಗಳೆಲ್ಲ ಸೇರಿ 100 ಮಿ.ಮೀ. ಆಸುಪಾಸು, ಪೆನುಕೊಂಡ ಸೀಮೆಯ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಅಲ್ಲಿ ಬಾರ್ಲಿ ಬೆಳೆಯುತ್ತದೆ. ಮೇಲಿನ ಶಿಖರಗಳಲ್ಲಿ ಚಳಿಗಾಲದ ನೀರು ಹಿಮವಾಗಿ ನಿಂತು, ಬೇಸಿಗೆಯಲ್ಲಿ ಕರಗಿ ಕಾಲುವೆಗಳಿಗೆ ಇಳಿಯುವುದೇ ಇದಕ್ಕೆ ಕಾರಣ. ಹಿಮವೆಂದರೆ ಚಳಿಯ ಗುರುತಷ್ಟೇ ಅಲ್ಲ. ಬಿದ್ದ ಕಾಲದಿಂದ ಬೇಕಾದ ಕಾಲಕ್ಕೆ ನೀರನ್ನು ದಾಟಿಸುವ ಉಗ್ರಾಣವೂ ಹೌದು. ಹಿಮ ಸಾಲದೆ ಬಂದ ಹಳ್ಳಿಗಳಲ್ಲಿ ಸೋನಮ್ ವಾಂಗ್‌ಚುಕ್ ಅವರು ರೂಪಿಸಿದ ಹಿಮಸ್ತೂಪಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ.

ಎರಡು ಸಾವಿರ ಅಡಿಯ ಎತ್ತರ ಹಿಮಕ್ಕೆ ಸಾಲದು. ಆದ್ದರಿಂದ ಇಲ್ಲಿ ಉಗ್ರಾಣವನ್ನು ಮನುಷ್ಯರು ಕಟ್ಟಬೇಕಾಯಿತು. ಅದೇ ಕೆರೆ. ಬುಕ್ಕಪಟ್ಟಣ, ಧರ್ಮಾವರ, ಪರಿಗಿಗಳ ದೊಡ್ಡ ಕೆರೆಗಳೂ, ಊರೂರಿನ ಸಣ್ಣ ಕೆರೆಗಳೂ ಸೆಪ್ಟೆಂಬರ್-ಅಕ್ಟೋಬರಿನ ಕೆಲವೇ ದಿನಗಳ ಮಳೆಯನ್ನು ಬೇಸಿಗೆಯವರೆಗೆ ಕಾಯ್ದಿಡಲು ಆದವು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಇದೇ ಒಣನೆಲದಲ್ಲಿ ಬಾಳಿದ್ದನ್ನು ನೆನೆದರೆ ಈ ವ್ಯವಸ್ಥೆಯ ಹಿರಿಮೆ ತಿಳಿಯುತ್ತದೆ.

ಗೌರಿಬಿದನೂರು ತಾಲ್ಲೂಕಿನ 1388ರ ಶಾಸನವೊಂದು ಈ ದೃಷ್ಟಿಯಿಂದ ಅಮೂಲ್ಯ. ಎರಡನೆಯ ಹರಿಹರನ ಮಗ ಪ್ರತಾಪ ಬುಕ್ಕರಾಯನು ಪೆನುಗೊಂಡೆಯಲ್ಲಿದ್ದಾಗ, ಪ್ರಜೆಗಳ ಸುಖಕ್ಕೆ ನೀರೇ ಜೀವವೆಂದು ಬಗೆದು, ಹೆನ್ನೆ ನದಿಯನ್ನು ಪೆನುಗೊಂಡೆಗೆ ತರಬೇಕೆಂದು ಜಲಸೂತ್ರದಲ್ಲಿ ಪರಿಣತನಾದ ಸಿಂಗಯ ಭಟ್ಟನಿಗೆ ಆಜ್ಞಾಪಿಸಿದನು. ಅದರಂತೆ ಸಿರುವೆರದ ಕೆರೆಗೆ ಕಾಲುವೆಯನ್ನು ತಂದು ಅದಕ್ಕೆ ಅರಸುಮಗನ ಹೆಸರನ್ನಿಟ್ಟ ಸಂಗತಿ ಶಾಸನದಲ್ಲಿದೆ. ಮಳೆನೆರಳಿನ ಊರೊಂದು ತನಗಿಂತ ಎತ್ತರದ ನಂದಿಬೆಟ್ಟದ ಸೀಮೆಯಿಂದ ಇಳಿದುಬರುವ ನೀರನ್ನು ನೆಲದ ಇಳಿಜಾರನ್ನು ಬಳಸಿಯೇ ತನ್ನೆಡೆಗೆ ತಿರುಗಿಸಿಕೊಂಡ ಕಥೆ ಇದು.

ಇಳಿಜಾರಿನ ಈ ಸಂಬಂಧವೇ ಮುಂದೆ ಎರಡು ಆಡಳಿತಗಳ ನಡುವಣ ವಿವಾದಕ್ಕೂ ಎಡೆಯಾಯಿತು. ಮೈಸೂರು ಸಂಸ್ಥಾನ ಮತ್ತು ಮದರಾಸು ಸರಕಾರಗಳ ನಡುವಿನ 1892ರ ಒಪ್ಪಂದದ ಪ್ರಕಾರ ಮೈಸೂರು ಕೆಲವು ನದಿಗಳ ಮೇಲೆ ಹೊಸ ನೀರಾವರಿ ಕಾಮಗಾರಿಗಳನ್ನು ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಕೈಗೊಳ್ಳುವಂತಿರಲಿಲ್ಲ. ಆ ಪಟ್ಟಿಯಲ್ಲಿ ಕಾವೇರಿಯೊಂದಿಗೆ ಉತ್ತರ ಪಿನಾಕಿನಿ, ಚಿತ್ರಾವತಿ, ವೇದಾವತಿಗಳೂ ಇದ್ದವು. 1876-78ರ ಮಹಾಕ್ಷಾಮದಲ್ಲಿ ಅಂದಿನ ಬಳ್ಳಾರಿ ಜಿಲ್ಲೆ ತೀವ್ರವಾಗಿ ನಲುಗಿದ ನೆನಪು ಆಗಿನ್ನೂ ಹಸಿಯಾಗಿತ್ತು. ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ.

ನೀರು ಮೇಲೇರುವ ಕಾಲ

ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಹಳೆಯ ಜಿಲ್ಲೆಯ ಉತ್ತರ ಭಾಗಕ್ಕೆ ನೀರು ತಂದಿತು. ಆದರೆ ತಾನಾಗಿ ಹರಿಯುವ ನೀರು ಪೆನುಕೊಂಡದ ಎತ್ತರಕ್ಕೆ ಏರಲಾರದು. ಈಚೆಗೆ ಹಂದ್ರಿ-ನೀವಾ ಯೋಜನೆಯಲ್ಲಿ ಶ್ರೀಶೈಲ ಜಲಾಶಯದ ಕೃಷ್ಣೆಯ ನೀರನ್ನು ಹಂತಹಂತವಾಗಿ ಪಂಪುಗಳಿಂದ ಎತ್ತಿ, ಜೀಡಿಪಲ್ಲಿಯ ಮೂಲಕ ಪೆನುಕೊಂಡದ ಬಳಿಯ ಗೊಲ್ಲಪಲ್ಲಿ ಜಲಾಶಯಕ್ಕೆ 2016ರಲ್ಲಿ ತರಲಾಯಿತು. ಅಲ್ಲಿಂದ ಮಡಕಶಿರಾ ಕಡೆಗೂ ಕಾಲುವೆ ಸಾಗಿದೆ. ಶ್ರೀಶೈಲದ ಪೂರ್ಣಮಟ್ಟ 885 ಅಡಿ. ಮಡಕಶಿರಾದ ನೆಲ ಅದಕ್ಕಿಂತ ಸಾವಿರ ಅಡಿಗೂ ಮಿಗಿಲಾಗಿ ಮೇಲಿದೆ.

ಈ ಎತ್ತರದ ಬೆಲೆಯನ್ನು ಸುಲಭವಾಗಿ ಲೆಕ್ಕಹಾಕಬಹುದು. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4000 ಲೀಟರ್ ನೀರು; 20 ಮಿ.ಮೀ.ನ ಒಂದು ಹದಮಳೆಯೆಂದರೆ 80,000 ಲೀಟರ್. ಸಾವಿರ ಲೀಟರ್ ನೀರನ್ನು 300 ಮೀಟರ್ ಎತ್ತಲು ಪಂಪಿನ ನಷ್ಟವೂ ಸೇರಿ ಒಂದು ಯೂನಿಟ್ ವಿದ್ಯುತ್ತಿಗೂ ಹೆಚ್ಚು ಬೇಕು. ಅಂದರೆ ಒಂದೇ ಒಂದು ಹದಮಳೆಯಷ್ಟು ನೀರನ್ನು ಒಂದು ಎಕರೆಗೆ ಕೆಳಗಿನಿಂದ ತರಲು ಎಂಬತ್ತು ಯೂನಿಟಿಗೂ ಮೀರಿದ ವಿದ್ಯುತ್ತು ಖರ್ಚಾಗುತ್ತದೆ. ಎತ್ತಿದ ನೀರು ಕುಡಿಯಲು, ಕೆರೆ ತುಂಬಿಸಲು, ಬೆಲೆಬಾಳುವ ಬೆಳೆಗೆ ಸರಿ; ಸೀಮೆಯ ಹೊಲಗಳೆಲ್ಲಕ್ಕೂ ಅದು ಮಳೆಯ ಬದಲಿಯಾಗಲಾರದು. ನೂರಾರು ಅಡಿ ಕೊರೆದ ಕೊಳವೆಬಾವಿಗಳೂ ಕಣಶಿಲೆಯ ಬಿರುಕುಗಳಲ್ಲಿ ಹಳೆಯ ಮಳೆಗಳು ಉಳಿಸಿದ್ದನ್ನೇ ಖಾಲಿಮಾಡುತ್ತಿವೆ. ಬಿದ್ದ ಮಳೆಯನ್ನು ಬಿದ್ದ ಎತ್ತರದಲ್ಲಿಯೇ ತಡೆಹಿಡಿಯುವ ಬದು, ಕುಂಟೆ, ಕೆರೆಗಳಿಗೆ ಸಮನಾದ ಅಗ್ಗದ ನೀರಾವರಿ ಇಲ್ಲಿ ಬೇರೊಂದಿಲ್ಲ.

ಬೆಳೆಯ ಆಯ್ಕೆಯೂ ಇದೇ ನಿಯಮಕ್ಕೆ ಒಳಪಟ್ಟಿದೆ. ರಾಗಿ, ನವಣೆ, ಸಾಮೆ, ಹುರುಳಿ, ತೊಗರಿ, ಅವರೆಗಳನ್ನು ಕಲಸಿ ಬೆಳೆಯುತ್ತಿದ್ದ ಹೊಲಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಕಡಲೆಕಾಯಿ ಆಕ್ರಮಿಸಿತು. ಅನೇಕ ಬೆಳೆಗಳ ಹೊಲದಲ್ಲಿ ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗುತ್ತಿತ್ತು. ಒಂದೇ ಬೆಳೆಯ ಹೊಲದಲ್ಲಿ ವರ್ಷವೇ ಹೋಗುತ್ತದೆ. ಕದಿರಿ ಸಂಶೋಧನಾ ಕೇಂದ್ರದ ಕದಿರಿ-6, ಕದಿರಿ ಲೇಪಾಕ್ಷಿ ಮೊದಲಾದ ತಳಿಗಳೂ, ರೇಕುಲಕುಂಟದ ಕೃಷಿ ಸಂಶೋಧನಾ ಕೇಂದ್ರದ ಒಣಬೇಸಾಯದ ಕ್ರಮಗಳೂ ಈ ನಷ್ಟವನ್ನು ತಗ್ಗಿಸಲು ನಡೆದ ಪ್ರಯತ್ನಗಳು. ತಡವಾಗಿ ಮಳೆ ಬಂದ ವರ್ಷ ಹುರುಳಿ, ನವಣೆಗಳಿಗೆ ಮರಳಬೇಕೆಂಬ ಸಲಹೆಯಲ್ಲಿ ಹಿರಿಯರ ತಿಳಿವಳಿಕೆಯೂ ವಿಜ್ಞಾನವೂ ಒಂದಾಗಿವೆ.

ದಾಖಲೆಯ ಭಾಷೆ

ಇಂದು ಮಳೆಯ ಅಂಕಿಅಂಶಗಳು ಮಂಡಲ ಮಟ್ಟದ ಸ್ವಯಂಚಾಲಿತ ಯಂತ್ರಗಳಿಂದ ಬರುತ್ತವೆ. ಹವಾಮಾನವನ್ನು ಆಧರಿಸಿದ ಬೆಳೆವಿಮೆಯ ಪರಿಹಾರ ಇಂಥ ಅಂಕಿಗಳ ಮೇಲೆಯೇ ನಿಂತಿದೆ. ಋತುವಿನ ಮಳೆ ವಾಡಿಕೆಗಿಂತ ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ಕಡಿಮೆಯಾದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಬರ. ಆದರೆ ಗುಡುಗುಮಳೆಯ ಸ್ವಭಾವವೇ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಡುವುದು. ಮಂಡಲದ ಒಂದು ಯಂತ್ರ ನೆನೆದ ದಿನ ಮೂರು ಮೈಲಿಯಾಚೆಯ ಹೊಲ ಒಣಗಿರಬಹುದು. ಆ ಹೊಲದ ರೈತನಿಗೆ ತನ್ನ ಬರವನ್ನು ತೋರಿಸಲು ಬಾಯಿಮಾತಲ್ಲದೆ ಬೇರೆ ಆಧಾರವಿರುವುದಿಲ್ಲ.

ಇದಕ್ಕೆ ಒಂದು ಸರಳ ಪೂರಕವಿದೆ. ಮಳೆಮಾಪಕ ದುಬಾರಿಯ ಉಪಕರಣವಲ್ಲ. ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಶಾಲೆಗಳು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಳೆಯನ್ನು ಅಳೆದು, ದಿನಾಂಕದೊಂದಿಗೆ ನಕ್ಷತ್ರದ ಹೆಸರನ್ನೂ, ನೆಲ ಹದವಾಯಿತೇ ಇಲ್ಲವೇ ಎಂಬುದನ್ನೂ ಕನ್ನಡದಲ್ಲಿ ಬರೆದಿಟ್ಟರೆ ಕೆಲವೇ ವರ್ಷಗಳಲ್ಲಿ ಊರುಮಟ್ಟದ ಹವಾಗುಣದ ಚಿತ್ರ ದೊರೆಯುತ್ತದೆ. ಆರಿದ್ರ ಮಳೆ ನಿಜವಾಗಿಯೂ ತಡವಾಗುತ್ತಿದೆಯೇ, ಮಘೆ ಹಿಂದಿನಂತೆ ಕೈಹಿಡಿಯುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಆಗ ನೆನಪಿನಿಂದಲ್ಲ, ಬರಹದಿಂದ ಉತ್ತರ ಹೇಳಬಹುದು. ಮಕ್ಕಳಿಗೆ ಅದು ಗಣಿತ, ಭೂಗೋಳ, ಭಾಷೆ ಮೂರರ ಪಾಠವೂ ಆದೀತು.

ಗಡಿನಾಡಿನ ಕನ್ನಡವನ್ನು ಉಳಿಸುವ ಮಾತು ಬಂದಾಗ ನಾವು ಶಾಸನ, ಸಾಹಿತ್ಯ, ಶಾಲೆಗಳನ್ನು ನೆನೆಯುತ್ತೇವೆ. ಹದ, ಮುಂಗಾರು, ಹಿಂಗಾರು, ಕೋಡಿ, ತೂಬು, ಕುಂಟೆ ಎಂಬ ಮಾತುಗಳೂ ಆ ಸಾಲಿಗೆ ಸೇರಬೇಕು. ಕೆರೆ ಬತ್ತಿದ ಊರಿನಲ್ಲಿ ತೂಬು ಎಂಬ ಪದಕ್ಕೆ ಕೆಲಸವಿಲ್ಲ. ಬಿತ್ತುವವರು ದುಡಿಮೆಗಾಗಿ ಬೆಂಗಳೂರಿಗೆ ಹೊರಟುಹೋದ ಊರಿನಲ್ಲಿ ಹದ ಎಂಬುದಕ್ಕೂ ಇಲ್ಲ. ಈ ಸೀಮೆಯ ಎತ್ತರಕ್ಕೆ ಹಿಮದ ಭಾಗ್ಯವಿಲ್ಲದಿದ್ದರೂ ಬಿದ್ದ ನೀರನ್ನು ಕಾಯುವ ವಿದ್ಯೆ ಇತ್ತು. ಆ ವಿದ್ಯೆಯೂ ಅದನ್ನು ಹೇಳುವ ಮಾತುಗಳೂ ಒಟ್ಟಿಗೆ ಬೆಳೆದವು. ಇನ್ನು ಮುಂದೆಯೂ ಒಟ್ಟಿಗೆ ಉಳಿಯಬೇಕಾದವು.